ನಮ್ಮ ಲೆಕ್ಕದ ಕೀಲಿಕೈ ಯಾರ ಕೈಯಲ್ಲಿದೆ?

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. 2021-22ರಿಂದ 2024-25ರವರೆಗೆ ಅವರ ಖಾತೆಗಳಿಗೆ ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ, ಸರಕಿನ ವ್ಯಾಪಾರಕ್ಕೆ 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ ರೂಪಾಯಿ ಎಂಬ ವಾರ್ಷಿಕ ಮಿತಿಯನ್ನು ಮೀರಿದವರೆಂದು ಗುರುತಿಸಿ, ತೆರಿಗೆ ಮತ್ತು ದಂಡದ ಲೆಕ್ಕವನ್ನು ಕೇಳಲಾಗಿತ್ತು. ಬೇಕರಿ, ಕಾಂಡಿಮೆಂಟ್ಸ್, ಹಾಲು ಮತ್ತು ತರಕಾರಿ ಅಂಗಡಿಗಳ ಮುಂದಿದ್ದ ಕ್ಯೂಆರ್ ಕೋಡಿನ ಹಲಗೆಗಳು ರಾತ್ರೋರಾತ್ರಿ ಕಣ್ಮರೆಯಾದವು. 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಅವುಗಳ ಜಾಗವನ್ನು ಆಕ್ರಮಿಸಿದವು. ಜುಲೈ 25ರಂದು ಬಂದ್‌ಗೆ ಕರೆ ನೀಡಲಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 23ರಂದು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಮಾತನಾಡಿ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿಯನ್ನು ಮಾಡಿಸಿಕೊಳ್ಳಲೇಬೇಕು ಎಂದ ಬಳಿಕ ಗದ್ದಲವು ತಣ್ಣಗಾಯಿತು.

ಈ ಪ್ರಕರಣದ ಬಗ್ಗೆ ಬಹಳಷ್ಟು ರಾಜಕೀಯ ಚರ್ಚೆ ನಡೆಯಿತು. ನೋಟಿಸು ಕಳುಹಿಸಿದ್ದು ರಾಜ್ಯವೋ, ಜಿಎಸ್‌ಟಿ ತಂದದ್ದು ಕೇಂದ್ರವೋ ಎಂದು ಎರಡು ಪಕ್ಷಗಳೂ ಪರಸ್ಪರ ಬೆರಳು ತೋರಿಸಿದವು. ಆದರೆ ಆ ಗದ್ದಲದಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ. ಇಲಾಖೆಯ ಬಳಿ ವ್ಯಾಪಾರಿಯ ನಾಲ್ಕು ವರ್ಷಗಳ ಲೆಕ್ಕವಿತ್ತು. ವ್ಯಾಪಾರಿಯ ಬಳಿ ಏನಿತ್ತು? ಬಹುತೇಕ ಮಂದಿಯ ಬಳಿ ಹಿಂದಿನ ವಾರದ ಲೆಕ್ಕವೂ ಇರಲಿಲ್ಲ. 'ಇದರಲ್ಲಿ ಅರ್ಧ ನನ್ನ ತಮ್ಮನ ಹಣ', 'ಇದು ಸಾಲವಾಗಿ ಬಂದದ್ದು', 'ನಾನು ಮಾರುವುದು ತೆರಿಗೆಯಿಲ್ಲದ ತರಕಾರಿ' ಎಂದು ಬಾಯಲ್ಲಿ ಹೇಳಬಲ್ಲವರು ಸಾವಿರಾರು ಮಂದಿ. ಕಾಗದದಲ್ಲಿ ತೋರಿಸಬಲ್ಲವರು ಬೆರಳೆಣಿಕೆಯಷ್ಟು.

ಮನೆಯ ಲೆಕ್ಕದ ಪುಸ್ತಕವನ್ನು, ಅಥವಾ ಇಂದಿನ ಮಾತಿನಲ್ಲಿ ಹೇಳುವುದಾದರೆ ಲೆಕ್ಕದ ತಂತ್ರಾಂಶವನ್ನು, ಬ್ಯಾಂಕಿನ ಆನ್‌ಲೈನ್ ಸೇವೆಗೆ ಜೋಡಿಸಬೇಕೇ ಬೇಡವೇ ಎಂದು ನಮ್ಮ ವಿದ್ಯಾವಂತ ಯುವಕರು ಈಗ ಚರ್ಚಿಸುತ್ತಿದ್ದಾರೆ. ಈ ಚರ್ಚೆ ತಡವಾಗಿ ಬಂದಿದೆ. ಜೋಡಣೆ ಎಂದೋ ಆಗಿಹೋಗಿದೆ. 2021ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯು ವಾರ್ಷಿಕ ಮಾಹಿತಿ ಪಟ್ಟಿಯನ್ನು ಆರಂಭಿಸಿದಾಗಲೇ ನಮ್ಮ ಬಡ್ಡಿ, ಠೇವಣಿ ಮತ್ತು ದೊಡ್ಡ ವಹಿವಾಟುಗಳು ಇಲಾಖೆಯ ಪುಸ್ತಕಕ್ಕೆ ಜೋಡಣೆಯಾದವು. ಸಾಲ ಕೊಡುವ ಕಂಪೆನಿಗಳು ನಮ್ಮ ಮೊಬೈಲಿನ ಸಂದೇಶಗಳಿಗೆ ತಮ್ಮ ಲೆಕ್ಕವನ್ನು ಜೋಡಿಸಿಕೊಂಡಿವೆ. ಎಲ್ಲರೂ ನಮ್ಮ ಲೆಕ್ಕವನ್ನು ಬರೆಯುತ್ತಿದ್ದಾರೆ, ನಾವೊಬ್ಬರನ್ನು ಬಿಟ್ಟು.

ಬ್ಯಾಂಕಿನ ಹಾಳೆಯೇ ಲೆಕ್ಕವಲ್ಲ

'ಬ್ಯಾಂಕಿನವರೇ ಬರೆದುಕೊಳ್ಳುತ್ತಾರಲ್ಲ, ನಾವು ಮತ್ತೊಮ್ಮೆ ಬರೆಯುವುದೇಕೆ?' ಎಂಬ ಮಾತು ನಮ್ಮ ಪಟ್ಟಣಗಳಲ್ಲಿ ಸಾಮಾನ್ಯವಾಗಿದೆ. ಈ ಮಾತಿನಷ್ಟು ಹಾನಿಯನ್ನು ಬೇರೆ ಯಾವ ಮಾತೂ ಮಾಡಿಲ್ಲ. ಬ್ಯಾಂಕು ಬರೆಯುವುದು ಹಣದ ಚಲನೆಯನ್ನು ಮಾತ್ರ. ಹಣ ಏಕೆ ಬಂತು, ಯಾರದು, ಅದರಲ್ಲಿ ಉಳಿದದ್ದೆಷ್ಟು ಎಂಬುದು ಅದಕ್ಕೆ ತಿಳಿಯದು.

ಶಿಡ್ಲಘಟ್ಟದ ರೇಷ್ಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ನೂಲು ಬಿಚ್ಚುವ ಕಸುಬನ್ನು ನಂಬಿರುವವರಲ್ಲಿ ಮುಸ್ಲಿಮ್ ಕುಟುಂಬಗಳು ಬಹಳಷ್ಟಿವೆ. ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು ನಡೆಯುತ್ತದೆ, ರೀಲರ್‌ನ ಹಣ ಬ್ಯಾಂಕಿನ ಮೂಲಕ ರೈತನ ಖಾತೆಗೆ ಹೋಗುತ್ತದೆ. ದಿನಕ್ಕೆ 100 ಕಿಲೋ ಗೂಡನ್ನು ಕಿಲೋಗೆ 500 ರೂಪಾಯಿಯಂತೆ ಕೊಳ್ಳುವ ಒಬ್ಬ ಸಾಧಾರಣ ರೀಲರ್‌ನನ್ನು ಊಹಿಸಿಕೊಳ್ಳಿ. ದಿನಕ್ಕೆ 50 ಸಾವಿರ ರೂಪಾಯಿ. ವರ್ಷದಲ್ಲಿ 300 ದಿನ ಬೇಸಿನ್ ಓಡಿದರೆ ಅವನ ಖಾತೆಯಿಂದ ಒಂದೂವರೆ ಕೋಟಿ ರೂಪಾಯಿ ಹೊರಹೋಗುತ್ತದೆ, ಅದಕ್ಕಿಂತ ತುಸು ಹೆಚ್ಚು ಒಳಬರುತ್ತದೆ. ಬ್ಯಾಂಕಿನ ಹಾಳೆಯನ್ನು ನೋಡಿದವನಿಗೆ ಆತ ಕೋಟ್ಯಧಿಪತಿ. ಆದರೆ ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಬೇಕಾಯಿತೋ ಎಂಟು ಬೇಕಾಯಿತೋ ಎಂಬುದರ ಮೇಲೆ ಅವನ ಲಾಭ-ನಷ್ಟ ನಿಂತಿದೆ. ಸೌದೆ, ವಿದ್ಯುತ್ತು, ವಾರದ ಬಟವಾಡೆ ಇವೆಲ್ಲವನ್ನೂ ಕಳೆದು, ರೇಷ್ಮೆ ತ್ಯಾಜ್ಯ ಮತ್ತು ಬೆಂದ ಹುಳುವನ್ನು ಮಾರಿದ ಹಣವನ್ನು ಕೂಡಿಸಿದ ಮೇಲೆ ಅವನ ಕೈಯಲ್ಲಿ ಉಳಿಯುವುದು ಒಂದು ಮಧ್ಯಮ ದರ್ಜೆಯ ಸಂಬಳದಷ್ಟಿರಬಹುದು, ಕೆಲವು ತಿಂಗಳುಗಳಲ್ಲಿ ಅದೂ ಇರದು. ಈ ಸತ್ಯ ಬ್ಯಾಂಕಿನ ಯಾವ ಸಾಲಿನಲ್ಲಿದೆ?

ಇನ್ನೊಂದು ವಿಷಯ. ರೇಷ್ಮೆ ಗೂಡಿಗೂ, ಹುರಿ ಮಾಡದ ಕಚ್ಚಾ ರೇಷ್ಮೆಗೂ ಜಿಎಸ್‌ಟಿ ಇಲ್ಲ. ರೇಷ್ಮೆಯ ಹುರಿ ನೂಲಿಗೆ ಶೇ. 5ರಷ್ಟು ತೆರಿಗೆಯಿದೆ. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಮಾರಾಟವಾಗುವ ತಾಜಾ ಟೊಮೆಟೊಗೆ ತೆರಿಗೆಯಿಲ್ಲ, ಅದೇ ಟೊಮೆಟೊ ಸಾಸ್ ಬಾಟಲಿಗೆ ತೆರಿಗೆಯಿದೆ. ತೆರಿಗೆಯೇ ಇಲ್ಲದ ಸರಕನ್ನು ಮಾತ್ರ ಮಾರುವವನು ಎಷ್ಟೇ ವಹಿವಾಟು ನಡೆಸಿದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಯುಪಿಐ ಜಮೆಯ ಸಾಲಿನಲ್ಲಿ ಟೊಮೆಟೊ ಎಂದೂ ಇರುವುದಿಲ್ಲ, ಸಾಸ್ ಎಂದೂ ಇರುವುದಿಲ್ಲ. ಇಲಾಖೆಯ ಗಣಕಯಂತ್ರಕ್ಕೆ ಕಾಣುವುದು ಅಂಕಿ ಮಾತ್ರ. ಆ ಅಂಕಿಗೆ ಅರ್ಥ ಕೊಡುವ ಪುಸ್ತಕವು ವ್ಯಾಪಾರಿಯ ಬಳಿ ಇಲ್ಲದಿದ್ದರೆ ಇಲಾಖೆ ತನಗೆ ತೋಚಿದ ಅರ್ಥವನ್ನು ಕೊಡುತ್ತದೆ. ಜುಲೈ ತಿಂಗಳಲ್ಲಿ ನಡೆದದ್ದು ಇದೇ.

ಇದಕ್ಕೆ ನಮ್ಮ ಕುಟುಂಬಗಳ ಒಂದು ಹಳೆಯ ಅಭ್ಯಾಸವೂ ಸೇರಿಕೊಂಡಿದೆ. ಅಂಗಡಿಯೂ ಮನೆಯೂ ಒಂದೇ ಖಾತೆಯಲ್ಲಿ ನಡೆಯುತ್ತವೆ. ಸೌದಿಯಿಂದ ಮಗ ಕಳುಹಿಸುವ ಹಣವೂ, ಅಣ್ಣತಮ್ಮಂದಿರ ಚೀಟಿ ಹಣವೂ, ಮಗಳ ಮದುವೆಗೆಂದು ನೆಂಟರಿಂದ ಪಡೆದ ಕೈಸಾಲವೂ, ಗಿರಾಕಿಗಳ ಯುಪಿಐ ಹಣವೂ ಅದೇ ಖಾತೆಗೆ ಬೀಳುತ್ತವೆ. ಇದರಲ್ಲಿ ವಂಚನೆಯೇನೂ ಇಲ್ಲ. ಆದರೆ ಪ್ರಾಮಾಣಿಕನಿಗೂ ತನ್ನ ಪ್ರಾಮಾಣಿಕತೆಯನ್ನು ತೋರಿಸುವ ದಾಖಲೆ ಬೇಕಾಗುತ್ತದೆ.

ಪುಕ್ಕಟೆ ಮುನ್ಶಿಗಳ ಕಥೆ

ಹಾಗಾದರೆ ಲೆಕ್ಕದ ಆ್ಯಪ್‌ಗಳಿವೆಯಲ್ಲ, ಅವುಗಳನ್ನು ಮೊಬೈಲಿಗೆ ಹಾಕಿಕೊಂಡರೆ ಸಾಲದೇ ಎಂದು ಯುವಕರು ಕೇಳುತ್ತಾರೆ. ಈ ಆ್ಯಪ್‌ಗಳು ಕೆಲಸ ಮಾಡುವ ವಿಧಾನವನ್ನು ಅರಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ಮನೆಯ ಲೆಕ್ಕವನ್ನು ಬ್ಯಾಂಕಿಗೆ ಜೋಡಿಸಲು ಜಗತ್ತಿನಲ್ಲಿ ಇದುವರೆಗೆ ಮುಖ್ಯವಾಗಿ ಮೂರು ದಾರಿಗಳನ್ನು ಹಿಡಿಯಲಾಗಿದೆ. ಮೊದಲನೆಯದು, ನಮ್ಮ ನೆಟ್ ಬ್ಯಾಂಕಿಂಗ್‌ನ ಹೆಸರು ಮತ್ತು ಗುಪ್ತಪದವನ್ನೇ ಕಂಪೆನಿಗೆ ಕೊಟ್ಟುಬಿಡುವುದು. ಕಂಪೆನಿಯ ಯಂತ್ರವು ನಮ್ಮ ವೇಷದಲ್ಲಿ ಬ್ಯಾಂಕಿನೊಳಗೆ ಹೋಗಿ ಹಾಳೆಯನ್ನು ನಕಲು ಮಾಡಿಕೊಂಡು ಬರುತ್ತದೆ. ಅಮೆರಿಕದಲ್ಲಿ ಬಹುಕಾಲ ನಡೆದದ್ದು ಇದೇ. ಮನೆಯ ಕೀಲಿಕೈಯನ್ನೇ ಕೊಟ್ಟ ಮೇಲೆ ಒಳಗಿನ ಯಾವ ಪೆಟ್ಟಿಗೆಗೂ ಬೀಗವಿಲ್ಲ. ನೋಡುವ ಅನುಮತಿ ಬೇರೆ, ಹಣ ತೆಗೆಯುವ ಅನುಮತಿ ಬೇರೆ ಎಂಬ ಮೂಲಭೂತ ವ್ಯತ್ಯಾಸವೇ ಇಲ್ಲಿ ಅಳಿಸಿಹೋಗುತ್ತದೆ.

ಎರಡನೆಯದು, ನಮ್ಮ ದೇಶದಲ್ಲಿ ಜನಪ್ರಿಯವಾದ ದಾರಿ. ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ ಸಂದೇಶಗಳನ್ನು ಓದುವ ಅನುಮತಿಯನ್ನು ಆ್ಯಪ್‌ಗೆ ಕೊಡುವುದು. ಹಣ ಕಡಿತವಾದ, ಜಮೆಯಾದ ಪ್ರತಿಯೊಂದು ಸಂದೇಶವನ್ನೂ ಅದು ಓದಿ ಲೆಕ್ಕ ಕಟ್ಟುತ್ತದೆ. ಇದು ಪುಕ್ಕಟೆ. ಆದರೆ ಪುಕ್ಕಟೆ ದುಡಿಯುವ ಮುನ್ಶಿಯ ಬಗ್ಗೆ ನಮ್ಮ ಹಿರಿಯರಿಗಿದ್ದ ಸಂಶಯ ನಮಗೇಕಿಲ್ಲ? ಸಂದೇಶಗಳನ್ನು ಓದಿ ಖರ್ಚಿನ ಲೆಕ್ಕ ತೋರಿಸುತ್ತಿದ್ದ ವಾಲ್‌ನಟ್ ಎಂಬ ಆ್ಯಪ್‌ನ್ನು 2018ರಲ್ಲಿ ಬೆಂಗಳೂರಿನ ಸಾಲದ ಕಂಪೆನಿ ಕ್ಯಾಪಿಟಲ್ ಫ್ಲೋಟ್ ಖರೀದಿಸಿತು. ಮುಂದೆ ಅದು ಸಾಲ ನೀಡುವ ಆ್ಯಪ್‌ನ ಭಾಗವಾಯಿತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ ಇಡೀ ವ್ಯವಹಾರದ ಸ್ವರೂಪವನ್ನು ಇದು ಬಿಚ್ಚಿ ತೋರಿಸುತ್ತದೆ. ಯಾರ ಮನೆಯಲ್ಲಿ ತಿಂಗಳ ಇಪ್ಪತ್ತನೆಯ ತಾರೀಖಿಗೆ ಹಣ ಮುಗಿಯುತ್ತದೆ ಎಂದು ತಿಳಿದವನಿಗೆ ಸಾಲ ಮಾರುವುದು ಬಹಳ ಸುಲಭ. ಸಾಲದ ಆ್ಯಪ್‌ಗಳ ಕಿರುಕುಳ ಮಿತಿಮೀರಿದ ಬಳಿಕ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, ಅವು ಮೊಬೈಲಿನ ಫೋಟೋ, ಕಡತ, ಸಂಪರ್ಕ ಪಟ್ಟಿ ಮತ್ತು ಕರೆಗಳ ದಾಖಲೆಗೆ ಕೈಹಾಕಬಾರದೆಂದಿತು. ಅಷ್ಟರಲ್ಲಿ ಎಷ್ಟು ಮನೆಗಳ ಮಾನ ಬೀದಿಗೆ ಬಂದಿತ್ತು!

ಈ ಎರಡನೆಯ ದಾರಿಯಲ್ಲಿ ಮತ್ತೊಂದು ಗುಟ್ಟಾದ ಅಪಾಯವಿದೆ. ನಮ್ಮ ಅನೇಕ ಮನೆಗಳಲ್ಲಿ ತಾಯಿಯ ಖಾತೆಗೂ ಮಗನ ಮೊಬೈಲ್ ಸಂಖ್ಯೆಯನ್ನೇ ಕೊಡಲಾಗಿರುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ, ಅದು ಬಂದ ಸಂದೇಶ ಮಗನ ಫೋನಿಗೆ ಬರುತ್ತದೆ. ಆ ಫೋನಿನಲ್ಲಿ ಮಗನು ಹಾಕಿಕೊಂಡ ಆ್ಯಪ್ ತಾಯಿಯ ಲೆಕ್ಕವನ್ನೂ ಓದುತ್ತದೆ. ಅನುಮತಿ ಕೊಟ್ಟವನು ಮಗ, ಬಯಲಾದದ್ದು ತಾಯಿಯ ಖಾತೆ. ಆಕೆಯನ್ನು ಯಾರು ಕೇಳಿದರು?

ಆ್ಯಪ್‌ನಲ್ಲಿ ಕಟ್ಟಿದ ಲೆಕ್ಕವು ನಮ್ಮದಾಗಿ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಅಮೆರಿಕದಲ್ಲಿ ಲಕ್ಷಾಂತರ ಕುಟುಂಬಗಳು ಬಳಸುತ್ತಿದ್ದ ಮಿಂಟ್ ಎಂಬ ಲೆಕ್ಕದ ಸೇವೆಯನ್ನು ಅದರ ಒಡೆಯ ಇಂಟ್ಯೂಟ್ ಕಂಪೆನಿಯು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅದೇ ಕಂಪೆನಿಯು 2023ರಲ್ಲಿ ತನ್ನ ಕ್ವಿಕ್‌ಬುಕ್ಸ್ ತಂತ್ರಾಂಶವನ್ನು ಭಾರತದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತ್ತು. ಇನ್ನೊಬ್ಬರ ಗೋಡೆಯ ಮೇಲೆ ಬರೆದ ಲೆಕ್ಕವು ಆ ಗೋಡೆ ಇರುವ ತನಕ ಮಾತ್ರ.

ಕಾನೂನು ಅರ್ಧ ತೆರೆದ ಬಾಗಿಲು

ಮೂರನೆಯ ದಾರಿಯು ಕಾನೂನಿನ ದಾರಿ. ಗುಪ್ತಪದವನ್ನು ಕೊಡದೆ, ಸಂದೇಶಗಳನ್ನು ಓದಿಸದೆ, ಬ್ಯಾಂಕೇ ನೇರವಾಗಿ ಗ್ರಾಹಕನ ಒಪ್ಪಿಗೆಯ ಮೇರೆಗೆ ಮಾಹಿತಿಯನ್ನು ಕೊಡುವ ವ್ಯವಸ್ಥೆ. ಇದರಲ್ಲಿ ಭಾರತವು ಹಿಂದುಳಿದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ರಿಸರ್ವ್ ಬ್ಯಾಂಕು 2016ರ ಸೆಪ್ಟೆಂಬರ್ 2ರಂದು 'ಅಕೌಂಟ್ ಅಗ್ರಿಗೇಟರ್' ಎಂಬ ಮಧ್ಯವರ್ತಿ ಸಂಸ್ಥೆಗಳ ನಿಯಮವನ್ನು ಹೊರಡಿಸಿತು. ಸರಿಯಾಗಿ ಐದು ವರ್ಷಗಳ ಬಳಿಕ, 2021ರ ಸೆಪ್ಟೆಂಬರ್ 2ರಂದು, ಎಂಟು ಬ್ಯಾಂಕುಗಳೊಂದಿಗೆ ಅದು ಕಾರ್ಯಾರಂಭ ಮಾಡಿತು. ಈ ಮಧ್ಯವರ್ತಿಯು ನಮ್ಮ ಮಾಹಿತಿಯನ್ನು ಓದುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಮುಚ್ಚಿದ ಲಕೋಟೆಯನ್ನು ಅಂಚೆಯವನು ತಲುಪಿಸುವಂತೆ ತಲುಪಿಸಬೇಕಷ್ಟೇ. ಯಾವ ಮಾಹಿತಿ, ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ, ಎಷ್ಟು ಬಾರಿ ಎಂಬುದನ್ನು ಒಪ್ಪಿಗೆ ಪತ್ರದಲ್ಲಿಯೇ ಹೇಳಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು. 2022ರ ನವೆಂಬರ್‌ನಲ್ಲಿ ಜಿಎಸ್‌ಟಿ ಜಾಲವನ್ನೂ ಮಾಹಿತಿ ಒದಗಿಸುವ ಸಂಸ್ಥೆಯಾಗಿ ಇದಕ್ಕೆ ಸೇರಿಸಲಾಯಿತು.

ಇಷ್ಟೆಲ್ಲ ಚೆನ್ನಾಗಿ ಕಟ್ಟಿದ ಮನೆಗೆ ಬಾಗಿಲನ್ನು ಮಾತ್ರ ಒಂದೇ ಕಡೆಗೆ ಇಡಲಾಗಿದೆ. ಈ ಮಾಹಿತಿಯನ್ನು ಪಡೆಯುವ ಸಂಸ್ಥೆಯು ರಿಸರ್ವ್ ಬ್ಯಾಂಕ್, ಸೆಬಿ, ವಿಮಾ ಪ್ರಾಧಿಕಾರ ಅಥವಾ ಪಿಂಚಣಿ ಪ್ರಾಧಿಕಾರ ಇವುಗಳಲ್ಲೊಂದರ ಅಧೀನದಲ್ಲಿರಬೇಕು. ಅಂದರೆ ಸಾಲ ಕೊಡುವವನಿಗೆ, ವಿಮೆ ಮಾರುವವನಿಗೆ, ಷೇರು ದಲ್ಲಾಳಿಗೆ ಬಾಗಿಲು ತೆರೆದಿದೆ. ಗ್ರಾಹಕನಿಗೆ ಆತನ ಮಾಹಿತಿಯನ್ನು ತೋರಿಸಬಹುದೆಂದು ನಿಯಮ ಹೇಳುತ್ತದಾದರೂ, ಗೌರಿಬಿದನೂರಿನ ಒಬ್ಬ ಶಿಕ್ಷಕನು ತನ್ನ ಮನೆಯ ಕಂಪ್ಯೂಟರಿನಲ್ಲಿರುವ ಲೆಕ್ಕದ ತಂತ್ರಾಂಶವನ್ನು ಈ ಜಾಲಕ್ಕೆ ನೇರವಾಗಿ ಜೋಡಿಸಿಕೊಳ್ಳುವ ದಾರಿಯಿಲ್ಲ. ತನ್ನ ಹಣದ ಮಾಹಿತಿಯು ಅಪರಿಚಿತ ಸಾಲಗಾರ ಕಂಪೆನಿಗೆ ಕ್ಷಣಾರ್ಧದಲ್ಲಿ ತಲುಪುತ್ತದೆ, ತನ್ನ ಸ್ವಂತ ಪುಸ್ತಕಕ್ಕೆ ತಲುಪುವುದಿಲ್ಲ. ಇದೆಂಥ ನ್ಯಾಯ?

ಇದು ತಾಂತ್ರಿಕವಾಗಿ ಅಸಾಧ್ಯವಾದುದೇನಲ್ಲ. ಜರ್ಮನಿಯಲ್ಲಿ 1990ರ ದಶಕದಿಂದಲೇ ಬ್ಯಾಂಕುಗಳು ಒಂದು ಸಾಮಾನ್ಯ ಭಾಷೆಯನ್ನು ಒಪ್ಪಿಕೊಂಡಿವೆ. ಗ್ರಾಹಕನು ತನ್ನ ಕಂಪ್ಯೂಟರಿನ ಲೆಕ್ಕದ ತಂತ್ರಾಂಶದಿಂದಲೇ ಬ್ಯಾಂಕಿನೊಂದಿಗೆ ನೇರವಾಗಿ ಮಾತನಾಡುತ್ತಾನೆ. ಉಚಿತವಾಗಿ ದೊರೆಯುವ ಗ್ನೂಕ್ಯಾಶ್ ತಂತ್ರಾಂಶವೂ ಅಲ್ಲಿ ಈ ಕೆಲಸವನ್ನು ಮಾಡುತ್ತದೆ. ನಮ್ಮಲ್ಲೂ ದೊಡ್ಡ ವ್ಯಾಪಾರಿಗಳಿಗೆ ಸೌಕರ್ಯಗಳು ಬರುತ್ತಿವೆ. 1986ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಟ್ಯಾಲಿ ಸಂಸ್ಥೆಯು 2025ರಲ್ಲಿ ಹೊರತಂದ ಟ್ಯಾಲಿಪ್ರೈಮ್ 6.0 ಆವೃತ್ತಿಯಲ್ಲಿ ಬ್ಯಾಂಕನ್ನು ನೇರವಾಗಿ ಜೋಡಿಸುವ ಅನುಕೂಲವಿದೆ. ಕಂಪೆನಿಗೆ ಸಾಧ್ಯವಾಗುವುದು ಕುಟುಂಬಕ್ಕೇಕೆ ಸಾಧ್ಯವಾಗಬಾರದು?

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನ ಬೆನ್ನಿಗೆ ಸಿದ್ಧವಾದ 2018ರ ಕರಡಿನಲ್ಲೂ, 2019ರ ಮಸೂದೆಯಲ್ಲೂ ಒಂದು ಹಕ್ಕಿತ್ತು: ಒಂದು ಸಂಸ್ಥೆಯ ಬಳಿಯಿರುವ ನನ್ನ ಮಾಹಿತಿಯನ್ನು ಯಂತ್ರಕ್ಕೆ ಓದಲು ಬರುವ ರೂಪದಲ್ಲಿ ನನಗೆ ಕೊಡು ಎಂದು ಕೇಳುವ ಹಕ್ಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ಆ ಹಕ್ಕು ಇಲ್ಲ. ಅದನ್ನು ಕೈಬಿಟ್ಟಾಗ ಯಾವ ಪಕ್ಷವೂ ಬೀದಿಗಿಳಿಯಲಿಲ್ಲ, ನಮ್ಮ ಸಮುದಾಯದ ನಾಯಕರಂತೂ ಅದನ್ನು ಗಮನಿಸಿದಂತೆಯೇ ಕಾಣುವುದಿಲ್ಲ.

ಝಕಾತ್ ಯಾವ ಪುಸ್ತಕದಿಂದ?

ಇದು ತೆರಿಗೆಯ ಪ್ರಶ್ನೆ ಮಾತ್ರವಾಗಿದ್ದರೆ ವಿಷಯವನ್ನು ಲೆಕ್ಕಪರಿಶೋಧಕರಿಗೆ ಬಿಟ್ಟುಬಿಡಬಹುದಿತ್ತು. ಆದರೆ ಲೆಕ್ಕ ಬರೆಯುವುದು ನಮಗೆ ಧರ್ಮದ ಆದೇಶವೂ ಹೌದು. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತವು ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ನಮಾಝೂ ಅಲ್ಲ, ಉಪವಾಸವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಹೊಣೆ ಹೊತ್ತವನು ಹೇಳಿ ಬರೆಸಬೇಕು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದು ಎಂಬುದೇ ಅದರ ಆಶಯ. ಇಲ್ಲಿ ಬರಹಗಾರನ ಸ್ಥಾನವನ್ನು ಗಮನಿಸಬೇಕು. ಆತ ಹೇಳಿದ್ದನ್ನು ಬರೆಯುವವನು, ಬರೆದದ್ದಕ್ಕೆ ಒಡೆಯನಲ್ಲ. ಬರೆದ ಲೆಕ್ಕವನ್ನು ಮೂರನೆಯವನಿಗೆ ಮಾರುವ ಮುನ್ಶಿಯನ್ನು ಯಾವ ನ್ಯಾಯವೂ ಒಪ್ಪಲಾರದು.

ಝಕಾತ್‌ನ ಲೆಕ್ಕವನ್ನು ನೋಡಿ. ನಿಸಾಬ್‌ನ ಮಿತಿಯನ್ನು ತಲುಪಿದ ಸಂಪತ್ತಿನ ಮೇಲೆ ಚಾಂದ್ರಮಾನ ವರ್ಷವೊಂದು ಕಳೆದಾಗ ಶೇ. 2.5 ಕೊಡಬೇಕು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳು. ಬ್ಯಾಂಕಿನ ವರ್ಷವು ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಬ್ಯಾಂಕಿನ ಹಾಳೆಯಲ್ಲಿ ರೀಲರ್‌ನ ಮನೆಯಲ್ಲಿರುವ ಗೂಡು ಮತ್ತು ನೂಲಿನ ದಾಸ್ತಾನಿಲ್ಲ, ವ್ಯಾಪಾರಿಯಿಂದ ಬರಬೇಕಾದ ಉದ್ರಿಯಿಲ್ಲ, ಹೆಂಡತಿಯ ಬಂಗಾರವಿಲ್ಲ, ಕೊಡಬೇಕಾದ ಸಾಲವಿಲ್ಲ. ಇವೆಲ್ಲವನ್ನೂ ಒಟ್ಟಿಗೆ ಇಡುವ ಪುಸ್ತಕವು ಮನೆಯಲ್ಲಿಯೇ ಇರಬೇಕು. ರಮಝಾನಿನಲ್ಲಿ ಅಂದಾಜಿನ ಮೇಲೆ ಒಂದಷ್ಟು ನೋಟುಗಳನ್ನು ಹಂಚಿ ಝಕಾತ್ ಮುಗಿಯಿತೆಂದುಕೊಳ್ಳುವವರು ಬಡವರ ಹಕ್ಕನ್ನು ತಮಗರಿವಿಲ್ಲದೆಯೇ ಉಳಿಸಿಕೊಂಡಿರಬಹುದು.

ಬಡ್ಡಿಯ ವಿಷಯವೂ ಹಾಗೆಯೇ. ಸಂಬಳ, ವಿದ್ಯಾರ್ಥಿವೇತನ, ಪಿಂಚಣಿ ಎಲ್ಲವೂ ಉಳಿತಾಯ ಖಾತೆಗೇ ಬರುವ ಕಾಲದಲ್ಲಿ ಖಾತೆಯಿಲ್ಲದೆ ಬದುಕಲಾಗದು. ಅದರಲ್ಲಿ ಮೂರು ತಿಂಗಳಿಗೊಮ್ಮೆ ಸೇರುವ ಬಡ್ಡಿಯನ್ನು ಬೇರ್ಪಡಿಸಿ, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಡುವ ಕುಟುಂಬಗಳು ನಮ್ಮಲ್ಲಿ ಬಹಳಷ್ಟಿವೆ. ತಾನಾಗಿಯೇ ವಿಂಗಡಿಸುವ ಆ್ಯಪ್‌ಗೆ ಅದು 'ಆದಾಯ' ಮಾತ್ರ. ನಮ್ಮ ಪುಸ್ತಕದಲ್ಲಿ ಅದಕ್ಕೆ ಬೇರೆ ಶೀರ್ಷಿಕೆಯಿರಬೇಕು. ಆ ಶೀರ್ಷಿಕೆಯನ್ನು ಇಡುವ ಅಧಿಕಾರ ನಮ್ಮ ಕೈಯಲ್ಲಿರಬೇಕಾದರೆ ಪುಸ್ತಕವೂ ನಮ್ಮದಾಗಿರಬೇಕು.

ನಗದಿಗೆ ಮರಳುವುದು ಉತ್ತರವೇ?

ಇದೆಲ್ಲ ತಾಪತ್ರಯವೇ ಬೇಡ, ನಗದಿಗೆ ಮರಳೋಣ ಎನ್ನುವ ಹಿರಿಯರಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕಲಾಗದು. ಆದರೆ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ನಡೆದ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಗಿರಾಕಿಯ ಜೇಬಿನಲ್ಲಿ ನೋಟಿಲ್ಲದಿರುವಾಗ ಅಂಗಡಿಯವನು ಎಷ್ಟು ದಿನ ನಗದಿಗೆ ಕಾದಾನು? ನಗದಿನ ವ್ಯಾಪಾರಕ್ಕೆ ಲೆಕ್ಕ ಬೇಡವೆಂದೂ ಅಲ್ಲ. ಓಡಿಹೋಗುವುದರಿಂದ ನೋಟಿಸು ತಪ್ಪಬಹುದು, ಗೃಹಸಾಲವೋ ವ್ಯಾಪಾರದ ನೆರವೋ ಬೇಕಾದಾಗ ತೋರಿಸಲು ಏನೂ ಉಳಿಯುವುದಿಲ್ಲ.

ಬ್ಯಾಂಕು ಮತ್ತು ಲೆಕ್ಕಗಳೊಂದಿಗೆ ಸಮುದಾಯದ ನಂಟು ಹೊಸತೂ ಅಲ್ಲ. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದು 5,000 ರೂಪಾಯಿ ಬಂಡವಾಳದೊಂದಿಗೆ ಆರಂಭವಾಯಿತು, ಮೊದಲ ದಿನದ ಕೊನೆಗೆ ಅದರ ಬಳಿಯಿದ್ದದ್ದು 38 ರೂಪಾಯಿ 13 ಆಣೆ 2 ಪೈ. ನೂರಾರು ಕೋಟಿಯ ಇಂದಿನ ವ್ಯವಹಾರಗಳ ನಡುವೆಯೂ ಆ 2 ಪೈ ನಮಗೆ ತಿಳಿದಿದೆ, ಏಕೆಂದರೆ ಆ ಸಂಜೆ ಯಾರೋ ಅದನ್ನು ಬರೆದಿಟ್ಟರು. ಆ ಬ್ಯಾಂಕೇ ಇಂದು ಇಲ್ಲ, 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಸ್ಥಾಪನೆಯಾದ ಮೈಸೂರು ಬ್ಯಾಂಕೂ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಬ್ಯಾಂಕುಗಳು ಹುಟ್ಟುತ್ತವೆ, ಒಂದರೊಳಗೊಂದು ಸೇರುತ್ತವೆ. ಗ್ರಾಹಕನು ತಾನೇ ಬರೆದಿಟ್ಟುಕೊಂಡ ಪುಸ್ತಕಕ್ಕೆ ವಿಲೀನವಿಲ್ಲ.

ಇಂದಿನಿಂದಲೇ ಆಗಬೇಕಾದದ್ದು

ಕಾನೂನು ಬದಲಾಗುವ ತನಕ ಕಾಯಬೇಕಾಗಿಲ್ಲ. ಅಂಗಡಿಗೊಂದು, ಮನೆಗೊಂದು ಎಂದು ಖಾತೆಗಳನ್ನು ಇಂದೇ ಬೇರ್ಪಡಿಸಿ. ತಿಂಗಳಿಗೊಮ್ಮೆ ನೆಟ್ ಬ್ಯಾಂಕಿಂಗ್‌ನಿಂದ ಹಾಳೆಯನ್ನು ಎಕ್ಸೆಲ್ ರೂಪದಲ್ಲಿ ನೀವೇ ಇಳಿಸಿಕೊಂಡು ನಿಮ್ಮ ತಂತ್ರಾಂಶಕ್ಕೆ ಸೇರಿಸಿ. ಕಂಪ್ಯೂಟರ್ ಇಲ್ಲದವರಿಗೆ ನೂರು ಪುಟದ ಕಿರ್ದಿ ಪುಸ್ತಕವೂ ಸಾಕು. ಒಂದು ಖಾತೆಯಿಂದ ನಿಮ್ಮದೇ ಇನ್ನೊಂದು ಖಾತೆಗೆ ಹಾಕಿದ ಹಣವು ಖರ್ಚೂ ಅಲ್ಲ, ಆದಾಯವೂ ಅಲ್ಲ, ಅದನ್ನು ವರ್ಗಾವಣೆ ಎಂದೇ ಬರೆಯಿರಿ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಉಲ್ಲೇಖ ಸಂಖ್ಯೆಯಿರುತ್ತದೆ. ಅದನ್ನು ಜೊತೆಗೇ ಇಟ್ಟರೆ ಒಂದೇ ವಹಿವಾಟು ಎರಡು ಬಾರಿ ನಮೂದಾಗುವುದು ತಪ್ಪುತ್ತದೆ. ಕೈಸಾಲ ಬಂದಾಗ ಯಾರಿಂದ, ಏಕೆ ಎಂದು ಷರಾ ಬರೆಯಿರಿ. ತಿಂಗಳ ಕೊನೆಗೆ ಪುಸ್ತಕದ ಶಿಲ್ಕನ್ನು ಬ್ಯಾಂಕಿನ ಶಿಲ್ಕಿನೊಂದಿಗೆ ತಾಳೆ ನೋಡಿ.

ಗುಪ್ತಪದವನ್ನಾಗಲಿ ಓಟಿಪಿಯನ್ನಾಗಲಿ ಯಾವ ಆ್ಯಪ್‌ಗೂ ಕೊಡಬೇಡಿ. ಸಂದೇಶ ಓದುವ ಅನುಮತಿ ಪಡೆದ ಆ್ಯಪ್‌ಗಳು ಯಾವುವೆಂದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇಂದು ರಾತ್ರಿಯೇ ನೋಡಿ, ಅನಗತ್ಯವಾದುದನ್ನು ರದ್ದುಪಡಿಸಿ. ಹಣ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ತಾಯಿ, ಹೆಂಡತಿ, ಸೋದರಿಯ ಖಾತೆಗೆ ಅವರದೇ ಮೊಬೈಲ್ ಸಂಖ್ಯೆಯಿರಲಿ.

ನಮ್ಮ ಜಮಾಅತ್‌ಗಳಿಗೂ ಒಂದು ಮಾತು. ಮಸೀದಿಯ ಆಡಳಿತ ಸಮಿತಿಗಳು ತಮ್ಮ ಜಮಾಖರ್ಚನ್ನು ಸೂಚನಾ ಫಲಕದಲ್ಲಿ ಹಾಕುವುದರಿಂದ ಆರಂಭಿಸಲಿ. ಬಿಕಾಂ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ವಾರಕ್ಕೊಂದು ಸಂಜೆ ಬೀದಿಯ ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆಯುವುದನ್ನು ಕಲಿಸಲಿ. ಮದುವೆ ಮಂಟಪಗಳಿಗೆ ಸುರಿಯುವ ಹಣದ ಸಣ್ಣ ಪಾಲು ಸಾಕು, ಪ್ರತಿ ಪಟ್ಟಣದಲ್ಲೂ ಇಂಥ ಒಂದು ಕೇಂದ್ರ ನಡೆಯುತ್ತದೆ.

ಇನ್ನು ಜನಪ್ರತಿನಿಧಿಗಳಿಗೆ. ಚುನಾವಣೆಯ ಹೊತ್ತಿಗೆ ನಮ್ಮ ಮನೆಬಾಗಿಲಿಗೆ ಬರುವವರನ್ನು ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳಬೇಕು. ಗ್ರಾಹಕನು ತನ್ನ ಬ್ಯಾಂಕ್ ಮಾಹಿತಿಯನ್ನು ಸ್ವಂತ ಲೆಕ್ಕದ ಪುಸ್ತಕಕ್ಕೆ, ಓದಲು ಮಾತ್ರ ಅನುಮತಿಯಿರುವ ರೀತಿಯಲ್ಲಿ, ಶುಲ್ಕವಿಲ್ಲದೆ ಜೋಡಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕು ಕೊಡಬೇಕು. ಒಪ್ಪಿಗೆ ಪತ್ರವು ಕನ್ನಡದಲ್ಲಿರಬೇಕು. 2023ರ ಕಾಯಿದೆಯಿಂದ ಜಾರಿಹೋದ ಹಕ್ಕು ಮರಳಿ ಬರಬೇಕು. ಯುಪಿಐ ಜಮೆಯ ಅಂಕಿಯೊಂದನ್ನೇ ಹಿಡಿದು ನೋಟಿಸು ಕಳುಹಿಸುವ ಮೊದಲು ವ್ಯಾಪಾರಿಯ ವಿವರಣೆಯನ್ನು ಕೇಳುವ ಪದ್ಧತಿಯನ್ನು ರಾಜ್ಯ ಸರಕಾರವು ಜಾರಿಗೊಳಿಸಬೇಕು.

ನಮ್ಮ ಹಣದ ಕತೆಯನ್ನು ಬ್ಯಾಂಕು ಬರೆಯುತ್ತಿದೆ, ಇಲಾಖೆ ಬರೆಯುತ್ತಿದೆ, ಸಾಲದ ಕಂಪೆನಿ ಬರೆಯುತ್ತಿದೆ. ಈ ಮೂವರೂ ತಮ್ಮ ತಮ್ಮ ಲಾಭಕ್ಕೆ ತಕ್ಕಂತೆ ಅದನ್ನು ಓದುತ್ತಾರೆ. ಮುಂದಿನ ನೋಟಿಸು ಬರುವ ದಿನ ಮೇಜಿನ ಮೇಲೆ ನಾಲ್ಕನೆಯ ಪುಸ್ತಕವೊಂದು ಇರಬೇಕು, ಅದು ನಮ್ಮ ಕೈಬರಹದಲ್ಲಿರಬೇಕು.